ಪಿಲಾಟೆಸ್: ದೇಹದ ನಿಲುವು ಸುಧಾರಿಸುವ ವ್ಯಾಯಾಮ ಪದ್ಧತಿ

ಪಿಲಾಟೆಸ್ ಎಂಬುದು ಹೊಟ್ಟೆ, ಬೆನ್ನು ಮತ್ತು ಸೊಂಟದ ಒಳಸ್ನಾಯುಗಳನ್ನು ಉಸಿರಾಟದ ಲಯದೊಂದಿಗೆ ಬಲಪಡಿಸುವ ವ್ಯಾಯಾಮ ಪದ್ಧತಿ. ಇದನ್ನು ಚಾಪೆಯ ಮೇಲೆ ಅಥವಾ ಸ್ಪ್ರಿಂಗ್ ಅಳವಡಿಸಿದ ಉಪಕರಣಗಳ ಮೇಲೆ ಮಾಡಲಾಗುತ್ತದೆ. ಮುಂದಕ್ಕೆ ಬಾಗಿದ ಭುಜ, ಚಾಚಿದ ಕುತ್ತಿಗೆ, ಗೂನು ಬೆನ್ನು ಇವುಗಳಿಗೆ ಪರಿಹಾರವೆಂದು ಇಂದು ಹಲವರು ಇದನ್ನು ಸೂಚಿಸುತ್ತಾರೆ. ಆದರೆ ಬಾಗಿದ ಬೆನ್ನುಗಳೆಲ್ಲವೂ ಒಂದೇ ಕಾರಣದಿಂದ ಬಾಗಿರುವುದಿಲ್ಲ. ಒಬ್ಬರಿಗೆ ಹಿತವಾದ ವ್ಯಾಯಾಮ ಮತ್ತೊಬ್ಬರ ಮೂಳೆ ಮುರಿಯಲು ಕಾರಣವಾಗಬಹುದು. ಆದ್ದರಿಂದ ಆರಂಭಿಸುವ ಮೊದಲು ಕೆಲವು ವಿಷಯಗಳನ್ನು ತಿಳಿದಿರುವುದು ಅಗತ್ಯ.

ಹಿನ್ನೆಲೆ

ಈ ಪದ್ಧತಿಗೆ ಅದನ್ನು ರೂಪಿಸಿದ ಜೋಸೆಫ್ ಪಿಲಾಟೆಸ್ ಅವರ ಹೆಸರೇ ಬಂದಿದೆ. ಅವರು 1883ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಅವರನ್ನು ಶತ್ರುದೇಶದ ಪ್ರಜೆಯೆಂದು ಶಿಬಿರದಲ್ಲಿ ಬಂಧಿಸಿಡಲಾಗಿತ್ತು. 1926ರಲ್ಲಿ ಅಮೆರಿಕಕ್ಕೆ ತೆರಳಿ, ಕ್ಲಾರಾ ಅವರೊಂದಿಗೆ ನ್ಯೂಯಾರ್ಕ್ ನಗರದಲ್ಲಿ ವ್ಯಾಯಾಮ ಶಾಲೆ ನಡೆಸಿದರು. ಅಲ್ಲಿನ ನೃತ್ಯ ಕಲಾವಿದರಲ್ಲಿ ಈ ಪದ್ಧತಿ ಬೇಗ ಪ್ರಚಾರ ಪಡೆಯಿತು. ಅವರು ಇದನ್ನು ‘ಕಂಟ್ರಾಲಜಿ’ ಎಂದು ಕರೆಯುತ್ತಿದ್ದರು. 1945ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳ ವಿವರಣೆ ಇದೆ. 1967ರಲ್ಲಿ ಅವರು ನಿಧನರಾದರು.

ನಿಲುವು ಕೆಡುವುದು ಹೇಗೆ?

ಆರೋಗ್ಯವಂತ ಬೆನ್ನುಮೂಳೆ ಕೋಲಿನಂತೆ ನೆಟ್ಟಗಿರುವುದಿಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಮಣಿಗಳಿರುತ್ತವೆ. ಕುತ್ತಿಗೆ ಮತ್ತು ಸೊಂಟ ಒಳಮುಖವಾಗಿ, ಮೇಲ್ಬೆನ್ನು ಹೊರಮುಖವಾಗಿ ಬಾಗಿರುತ್ತವೆ. ಬೆನ್ನು ಚಪ್ಪಟೆಯಾಗಿರಬೇಕೆಂದು ಪಿಲಾಟೆಸ್ ಅವರು ನಂಬಿದ್ದರು. ಇಂದಿನ ಹೆಚ್ಚಿನ ಶಿಕ್ಷಕರು ಈ ಸಹಜ ಬಾಗುಗಳನ್ನು ಉಳಿಸಿಕೊಂಡೇ ಅಭ್ಯಾಸ ಮಾಡಿಸುತ್ತಾರೆ.

ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ತಲೆ ಭುಜಗಳ ನೇರಕ್ಕೆ ಇದ್ದಾಗ ಆ ಭಾರ ಬೆನ್ನುಮೂಳೆಯ ಮೇಲೆ ಇಳಿಯುತ್ತದೆ. ಮೊಬೈಲ್, ಕಂಪ್ಯೂಟರ್ ಅಥವಾ ಹೊಲಿಗೆ ಯಂತ್ರದ ಮುಂದೆ ತಲೆ ಬಗ್ಗಿಸಿ ಕುಳಿತಾಗ ಕುತ್ತಿಗೆಯ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕಾಗುತ್ತದೆ. ‘ನೆಟ್ಟಗೆ ಕೂತುಕೋ’ ಎಂದು ಹಿರಿಯರು ಹೇಳಿದೊಡನೆ ಮಕ್ಕಳು ಎದೆ ಉಬ್ಬಿಸಿ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಬಾಗುತ್ತಾರೆ. ಇದು ಅಸಡ್ಡೆಯಲ್ಲ, ಸ್ನಾಯುಗಳ ಆಯಾಸ.

ದೀರ್ಘಕಾಲ ದೇಹವನ್ನು ಹಿಡಿದಿಡುವಲ್ಲಿ ಒಳಸ್ನಾಯುಗಳ ಪಾತ್ರ ದೊಡ್ಡದು. ಹೊಟ್ಟೆಯನ್ನು ನಡುಪಟ್ಟಿಯಂತೆ ಸುತ್ತಿರುವ ಅಡ್ಡಸ್ನಾಯು, ಬೆನ್ನಿನ ಮಣಿಗಳನ್ನು ಬಂಧಿಸುವ ಸಣ್ಣ ಸ್ನಾಯುಗಳು, ಮೇಲಿನ ವಪೆ ಮತ್ತು ಕಿಬ್ಬೊಟ್ಟೆಯ ತಳದ ಸ್ನಾಯುಗಳು ಇವುಗಳಲ್ಲಿ ಮುಖ್ಯ. ಪಿಲಾಟೆಸ್ ಇವುಗಳಿಗೇ ಹೆಚ್ಚು ಗಮನ ಕೊಡುತ್ತದೆ.

ಆರಂಭಿಕರಿಗೆ ನಾಲ್ಕು ಅಭ್ಯಾಸಗಳು

ಉಸಿರಾಟ: ಅಂಗಾತ ಮಲಗಿ ಮಂಡಿ ಮಡಚಿ, ಕೈಗಳನ್ನು ಪಕ್ಕೆಲುಬುಗಳ ಮೇಲಿಡಬೇಕು. ಮೂಗಿನಿಂದ ಉಸಿರೆಳೆದಾಗ ಪಕ್ಕೆಲುಬುಗಳು ಅಕ್ಕಪಕ್ಕಕ್ಕೆ ಅರಳಬೇಕು. ಬಾಯಿಯಿಂದ ಉಸಿರು ಬಿಡುವಾಗ ಹೊಕ್ಕುಳಿನ ಕೆಳಭಾಗವನ್ನು ಮೃದುವಾಗಿ ಒಳಗೆಳೆಯಬೇಕು.

ಸೇತುವೆ: ಅದೇ ಸ್ಥಿತಿಯಲ್ಲಿ ಕೈಗಳನ್ನು ಪಕ್ಕಕ್ಕಿಟ್ಟು, ಉಸಿರು ಬಿಡುತ್ತಾ ಸೊಂಟವನ್ನು ನಿಧಾನವಾಗಿ ಮೇಲೆತ್ತಿ, ನಂತರ ಇಳಿಸಬೇಕು. ಇದು ಪೃಷ್ಠ ಮತ್ತು ತೊಡೆಯ ಹಿಂಭಾಗವನ್ನು ಬಲಪಡಿಸುತ್ತದೆ.

ಹಂಸ: ಬೋರಲಾಗಿ ಮಲಗಿ, ಅಂಗೈಗಳನ್ನು ಭುಜದ ಪಕ್ಕದಲ್ಲಿಟ್ಟು, ತಲೆ ಮತ್ತು ಎದೆಯನ್ನು ಸ್ವಲ್ಪವೇ ಮೇಲೆತ್ತಬೇಕು. ಬಾಗಿದ ಮೇಲ್ಬೆನ್ನಿಗೆ ಇದು ವಿರುದ್ಧ ದಿಕ್ಕಿನ ಚಲನೆ.

ಕೈ–ಕಾಲು ಚಾಚುವಿಕೆ: ಅಂಗೈ ಮತ್ತು ಮಂಡಿಗಳನ್ನು ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಬೇಕು; ನಂತರ ಎಡಗೈ ಮತ್ತು ಬಲಗಾಲು. ನಡು ಅಲುಗಾಡಬಾರದು.

ಪ್ರತಿಯೊಂದನ್ನೂ ಐದಾರು ಬಾರಿ ಮಾಡಿದರೆ ಆರಂಭಕ್ಕೆ ಸಾಕು. ಸಂಖ್ಯೆಗಿಂತ ನಿಖರತೆ ಮುಖ್ಯ. ನೋವು ಕಂಡರೆ ತಕ್ಷಣ ನಿಲ್ಲಿಸಬೇಕು.

ಯಾರು ಎಚ್ಚರ ವಹಿಸಬೇಕು?

ಮೂಳೆ ಸವೆತ, ಅಂದರೆ ಆಸ್ಟಿಯೋಪೊರೋಸಿಸ್ ಇರುವವರು ಮಲಗಿದಲ್ಲಿಂದ ಬೆನ್ನು ಸುತ್ತಿಕೊಂಡು ಏಳುವ, ಚೆಂಡಿನಂತೆ ಉರುಳುವ ವ್ಯಾಯಾಮಗಳನ್ನು ಮಾಡಬಾರದು. ಮುಂದಕ್ಕೆ ಬಾಗಿದಾಗ ಮಣಿಗಳ ಮುಂಭಾಗದ ಮೇಲೆ ಒತ್ತಡ ಹೆಚ್ಚಿ, ಮೂಳೆ ಕುಸಿದು ಮುರಿಯಬಹುದು. ಈ ಅಪಾಯ ಮುಟ್ಟು ನಿಂತ ನಂತರ ಮಹಿಳೆಯರಲ್ಲಿ ಹೆಚ್ಚು. ವಯಸ್ಸಾದವರ ಎತ್ತರ ಕಡಿಮೆಯಾಗಿದ್ದರೆ, ಬೆನ್ನು ಹೊಸದಾಗಿ ಬಾಗಿದ್ದರೆ ಅಥವಾ ದಿಢೀರ್ ಬೆನ್ನುನೋವು ಬಂದಿದ್ದರೆ ಅದನ್ನು ‘ವಯಸ್ಸಿನ ಸಹಜ ಗೂನು’ ಎಂದು ಭಾವಿಸದೆ ಮೊದಲು ವೈದ್ಯರಿಗೆ ತೋರಿಸಬೇಕು.

ಕಾಲಿನಲ್ಲಿ ಜೋಮು ಅಥವಾ ಬಲಹೀನತೆ ಇರುವವರು, ಗರ್ಭಿಣಿಯರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರೂ ವೈದ್ಯರ ಸಲಹೆ ಪಡೆಯಬೇಕು. ಮೂಳೆಯ ರಚನೆಯಿಂದಲೇ ಬಂದ ಡೊಂಕನ್ನು ಪಿಲಾಟೆಸ್ ನೇರ ಮಾಡಲಾರದು.

ಎಷ್ಟು ಪ್ರಯೋಜನ?

ಸೊಂಟನೋವಿಗೆ ಪಿಲಾಟೆಸ್ ಬಳಸಿದ ಅಧ್ಯಯನಗಳನ್ನು ಪರಿಶೀಲಿಸಿ ಕಾಕ್ರೇನ್ ಸಂಸ್ಥೆ 2015ರಲ್ಲಿ ವಿಮರ್ಶೆ ಪ್ರಕಟಿಸಿತು. ಅತ್ಯಲ್ಪ ಚಿಕಿತ್ಸೆ ಪಡೆದವರಿಗಿಂತ ಪಿಲಾಟೆಸ್ ಮಾಡಿದವರಿಗೆ ಹೆಚ್ಚು ಅನುಕೂಲವಾಗಬಹುದು, ಆದರೆ ಇತರ ವ್ಯಾಯಾಮಗಳಿಗಿಂತ ಇದು ಮೇಲೆಂಬುದಕ್ಕೆ ದೃಢ ಆಧಾರವಿಲ್ಲ ಎಂಬುದು ಅದರ ಸಾರ. ಹೀಗಾಗಿ ಯೋಗ ಅಥವಾ ಬೇರೆ ವ್ಯಾಯಾಮದಿಂದ ಹಿತ ಕಂಡವರು ಅದನ್ನು ಬಿಟ್ಟು ದುಬಾರಿ ತರಗತಿಗೆ ಸೇರಬೇಕಾಗಿಲ್ಲ.

ಶಿಕ್ಷಕರ ಆಯ್ಕೆ

‘ಪಿಲಾಟೆಸ್’ ಯಾರೊಬ್ಬರ ಸ್ವತ್ತೂ ಅಲ್ಲದ ಸಾಮಾನ್ಯ ಪದವೆಂದು 2000ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪು ನೀಡಿತು. ಹೀಗಾಗಿ ಫಲಕದ ಮೇಲಿನ ಹೆಸರು ಮಾತ್ರ ನೋಡಿ ತರಬೇತಿಯ ಗುಣಮಟ್ಟ ಅಳೆಯಲಾಗದು. ಶಿಕ್ಷಕರು ಎಲ್ಲಿ, ಎಷ್ಟು ಕಾಲ ಕಲಿತಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಸೇರುವವರ ಮೂಳೆಯ ಆರೋಗ್ಯ, ಹಳೆಯ ಪೆಟ್ಟು, ಔಷಧಿಗಳ ಬಗ್ಗೆ ಮೊದಲ ದಿನವೇ ವಿಚಾರಿಸದೆ ಎಲ್ಲರಿಗೂ ಒಂದೇ ವ್ಯಾಯಾಮ ಮಾಡಿಸುವ ತರಗತಿಗೆ ಮನೆಯ ಹಿರಿಯರನ್ನು ಕಳುಹಿಸದಿರುವುದು ಒಳ್ಳೆಯದು.