ಒಳಮನೆಯ ಬೆಳಕಿಗೆ ತಕ್ಕ ಲೆನ್ಸು

ಊರು ಬಿಟ್ಟು ಈ ಕಡೆ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಹಳೆಯ ಆಲ್ಬಮ್ಮು ಒಂದಾದರೂ ಇರುವುದುಂಟು. ಅದನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣದೆ ಇರದು. ಅದರಲ್ಲಿನ ಚಿತ್ರಗಳೆಲ್ಲ ಒಂದೋ ಸ್ಟುಡಿಯೋದಲ್ಲಿ ತೆಗೆಸಿದವು, ಇಲ್ಲವೇ ಬಿಸಿಲಿನಲ್ಲಿ ತೆಗೆದವು. ಗೇಟ್‌ವೇ ಆಫ್ ಇಂಡಿಯಾದ ಮುಂದೆ, ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ, ಕಟ್ಟಡದ ಗಚ್ಚಿಯ ಮೇಲೆ, ಎಲ್ಲರೂ ಸಾಲಾಗಿ ನಿಂತು ಕಣ್ಣು ಕಿರಿದು ಮಾಡಿದ್ದಾರೆ. ಅಜ್ಜಿ ಸ್ಟೌವಿನ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದುದು, ತಂದೆಯವರು ಎರಡನೆಯ ಪಾಳಿ ಮುಗಿಸಿ ಬಂದು ನಡುರಾತ್ರಿ ಉಣ್ಣುತ್ತಿದ್ದುದು, ಒಂದೇ ಕೋಣೆಯಲ್ಲಿ ಎಂಟು ಮಂದಿಗೆ ಹಾಸಿಗೆ ಹಾಸುತ್ತಿದ್ದುದು, ಇವು ಒಂದೂ ಇಲ್ಲ. ನಾವು ಬದುಕಿದ್ದು ಒಳಗೆ. ಚಿತ್ರಕ್ಕೆ ನಿಂತದ್ದು ಹೊರಗೆ.

ಇದಕ್ಕೆ ನಮ್ಮವರ ಸಂಕೋಚವೊಂದೇ ಕಾರಣವೆಂದು ತಿಳಿಯಬಾರದು. ಕ್ಯಾಮೆರಾದ ಕಣ್ಣೇ ಆಗ ಮಂದವಾಗಿತ್ತು. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಸಂಬಳದವರ ಕೈಗೆ ಎಟುಕುತ್ತಿದ್ದುದು ಆಗ್ಫಾ ಕ್ಲಿಕ್-3ರಂಥ ಸರಳ ಕ್ಯಾಮೆರಾ. ಒಂದು ಸುರುಳಿಗೆ ಹನ್ನೆರಡು ಚಿತ್ರ. ಅದರ ಲೆನ್ಸಿಗೆ ಹೊರಗಿನ ಬೆಳಕೇ ಬೇಕು. ಮನೆಯೊಳಗೆ ತೆಗೆಯಬೇಕಾದರೆ ಫ್ಲಾಷು ಹಚ್ಚಬೇಕು. ಹಚ್ಚಿದೊಡನೆ ಮುಖಗಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಹಿಂದಿನ ಕೋಣೆ ಕತ್ತಲೆಯಲ್ಲಿ ಮುಳುಗಿ, ಮನೆಯೇ ಮಾಯವಾಗುತ್ತಿತ್ತು.

ಈಗ ನಮ್ಮ ವರ್ತಕ ನಗರದಲ್ಲಿ ಗೃಹನಿರ್ಮಾಣ ಮಂಡಳಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ, ಅವುಗಳ ಜಾಗದಲ್ಲಿ ಗಗನಕ್ಕೆ ಚಾಚಿದ ಹೊಸವು ಏಳುತ್ತಿವೆ. ಹೊಸ ಮನೆ ಯಾರಿಗೆ ಬೇಡ? ಆದರೆ ಮೊದಲ ತಲೆಮಾರಿನವರು ಐವತ್ತು ವರ್ಷ ಬಾಳಿದ ಆ ಕೋಣೆ, ಆ ಕಿಟಕಿ, ದೇವರ ಗೂಡು, ಇವು ಹೋದರೆ ಹೋದವೇ; ಅಲ್ಲಿ ಬಾಳಿದ ಹಿರಿಯರೂ ಹಣ್ಣೆಲೆಗಳಾಗಿದ್ದಾರೆ. ಇದೇ ಹೊತ್ತಿಗೆ ನಮ್ಮ ಹುಡುಗರು ಮಿರರ್‌ಲೆಸ್ ಕ್ಯಾಮೆರಾ ಕೊಂಡುಕೊಂಡು, "ಕಾಕಾ, ಐವತ್ತರ ಲೆನ್ಸು ಯಾವುದು ತರಲಿ? ಒಂದೂ ಎಂಟೋ, ಒಂದೂ ನಾಲ್ಕೋ, ಒಂದೂ ಎರಡೋ?" ಎಂದು ಕೇಳತೊಡಗಿದ್ದಾರೆ. ಫೋರ್ಟಿನ ಬೋರಾ ಬಜಾರಿನ ಅಂಗಡಿಯವನು ಬೆಲೆಯನ್ನು ಹೇಳಿಯಾನು. ಯಾವುದು ಏತಕ್ಕೆ ಹುಟ್ಟಿತೆಂಬುದನ್ನು ತಿಳಿಯಲು ಚರಿತ್ರೆಯ ಕಡೆಗೇ ಹೊರಳಬೇಕು.

ಲೆನ್ಸಿನ ಮೇಲೆ ಬರೆದ ಆ ಅಂಕೆಯ ಅರ್ಥವನ್ನು ಮೊದಲು ಹೇಳಿಬಿಡೋಣ. ಲೆನ್ಸಿನ ಸಂಗಮದೂರವನ್ನು ಅದರ ಬೆಳಕಿನ ಕಂಡಿಯ ಅಗಲದಿಂದ ಭಾಗಿಸಿದರೆ ಬರುವುದೇ ಈ ಎಫ್ ಸಂಖ್ಯೆ. 50 ಮಿ.ಮೀ. ಲೆನ್ಸು ಎಫ್ 3.5 ಎಂದರೆ ಕಂಡಿ ಸುಮಾರು 14 ಮಿ.ಮೀ.; ಎಫ್ 1.8 ಎಂದರೆ ಸುಮಾರು 28, ಎಫ್ 1.2 ಎಂದರೆ 42ರ ಸಮೀಪ. ಸಂಖ್ಯೆ ಇಳಿದಷ್ಟೂ ಕಂಡಿ ದೊಡ್ಡದು, ಬೆಳಕು ಹೆಚ್ಚು. ಬೆಳಕು ಹೆಚ್ಚಿದಂತೆ ಶಟರು ಬೇಗ ಮುಚ್ಚಬಹುದು. ಅದಕ್ಕಾಗಿಯೇ ಇಂಥದನ್ನು ವೇಗದ ಲೆನ್ಸು ಎನ್ನುವರು. ಜೂಮ್ ಇಲ್ಲದೆ ಒಂದೇ ಸಂಗಮದೂರ ಉಳ್ಳದ್ದು ಪ್ರೈಮ್.

ವೇಗದ ಹಂಬಲ ಛಾಯಾಚಿತ್ರದಷ್ಟೇ ಹಳೆಯದು. 1839ರಲ್ಲಿ ಡಾಗೇರನ ವಿಧಾನ ಬೆಳಕಿಗೆ ಬಂದಾಗ ಚಿತ್ರಕ್ಕೆ ಕುಳಿತವನು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಾಗಿತ್ತು. ಮರುವರ್ಷವೇ, 1840ರಲ್ಲಿ, ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಭಾವಚಿತ್ರಕ್ಕೆಂದೇ ಒಂದು ಲೆನ್ಸನ್ನು ರೂಪಿಸಿದನು. ಈ ಲೆಕ್ಕಕ್ಕೆ ಫಿರಂಗಿ ದಳದ ಸೈನಿಕರು ಕೈಜೋಡಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಎಫ್ 3.6ರ ಸುಮಾರಿನ ಆ ಲೆನ್ಸು ಹಿಂದಿನವಕ್ಕಿಂತ ಅನೇಕ ಪಟ್ಟು ಬೆಳಕನ್ನು ಬಿಡುತ್ತಿತ್ತು. ಮನುಷ್ಯನ ಮುಖಕ್ಕಾಗಿ ವೇಗ ಬೇಕಾಯಿತೆಂಬುದನ್ನು ವಾಚಕರು ಗಮನಿಸಬೇಕು, ಬೆಟ್ಟಗುಡ್ಡಗಳಿಗೆ ಅವಸರವಿಲ್ಲ.

ಐವತ್ತು ಮಿಲಿಮೀಟರು ವಾಡಿಕೆಗೆ ಬಂದದ್ದು ಜರ್ಮನಿಯ ಆಸ್ಕರ್ ಬಾರ್ನಾಕನಿಂದ. ಸಿನೆಮಾ ಫಿಲ್ಮನ್ನೇ ಬಳಸಿ, ಅದರ ಚೌಕಟ್ಟನ್ನು ಇಮ್ಮಡಿಸಿ 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲ ಮಾಡಿ, ಅಂಗಿಯ ಜೇಬಿಗೆ ಹೋಗುವಂಥ ಕ್ಯಾಮೆರಾವನ್ನು ಅವನು ನಿರ್ಮಿಸಿದನು. 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಪೇಟೆಗೆ ಬಂದ ಆ ಲೈಕಾಗೆ ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಮಿ.ಮೀ. ಲೆನ್ಸು ಇತ್ತು, ಎಫ್ 3.5. ಆ ಚೌಕಟ್ಟಿನ ಕರ್ಣವನ್ನು ಅಳೆದರೆ 43 ಮಿ.ಮೀ. ಬರುತ್ತದೆ, ಅದಕ್ಕೆ ಸಮೀಪದ ಸಂಗಮದೂರವೇ ಕಣ್ಣಿಗೆ ಸಹಜವೆನಿಸುವುದೆಂದು ರೂಢಿ. ಐವತ್ತು ಅದಕ್ಕಿಂತ ತುಸು ಉದ್ದವೇ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಳಮನೆಗೆ ಬಾಗಿಲು ತೆರೆದವನು ಲುಡ್ವಿಗ್ ಬೆರ್ಟೆಲೆ. ಇಪ್ಪತ್ತರ ಹರೆಯದಲ್ಲೇ ಅವನು ರೂಪಿಸಿದ ಎಫ್ 2ರ ಅರ್ನೋಸ್ಟಾರ್ ಲೆನ್ಸು 1924ರಲ್ಲಿ ಅರ್ಮಾನಾಕ್ಸ್ ಎಂಬ ಕ್ಯಾಮೆರಾದೊಡನೆ ಬಂದಿತು. ಎರಿಕ್ ಸಾಲೋಮನ್ ಎಂಬ ಬರ್ಲಿನ್ನಿನ ವಕೀಲ ಅದನ್ನು ಹಿಡಿದು ನ್ಯಾಯಾಲಯಗಳಲ್ಲಿ ಬಚ್ಚಿಟ್ಟುಕೊಂಡು, ರಾಜಕಾರಣಿಗಳ ನಡುರಾತ್ರಿಯ ಮಾತುಕತೆಗಳಲ್ಲಿ ಮೂಲೆಗೆ ನಿಂತು, ಫ್ಲಾಷಿಲ್ಲದೆ ಚಿತ್ರ ತೆಗೆದನು. ತೂಕಡಿಸುವ ಮಂತ್ರಿಗಳನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಯೆಹೂದಿಯಾದ ಆತನನ್ನು ನಾಜಿಗಳು 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಂದರು. ಬೆರ್ಟೆಲೆ ಮುಂದೆ ಜೈಸ್ ಸಂಸ್ಥೆಗಾಗಿ 1932ರಲ್ಲಿ 50 ಮಿ.ಮೀ. ಸೋನಾರ್ ಲೆನ್ಸನ್ನು ಎಫ್ 2 ಮತ್ತು ಎಫ್ 1.5ರಲ್ಲಿ ಕೊಟ್ಟನು. ಗಾಜಿನ ಪ್ರತಿಯೊಂದು ಮೈಯೂ ನೂರಕ್ಕೆ ನಾಲ್ಕೈದರಷ್ಟು ಬೆಳಕನ್ನು ಹಿಂದಕ್ಕೆ ತಳ್ಳುವುದರಿಂದ, ಅವನು ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಗಾಳಿಗೆ ತಾಗುವ ಮೈಗಳನ್ನು ಆರಕ್ಕೆ ಇಳಿಸಿದ್ದನು. 1935ರಲ್ಲಿ ಅದೇ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿಗೆ ತೆಳುಲೇಪ ಕೊಡುವ ವಿಧಾನ ಕಂಡುಹಿಡಿದ ಮೇಲೆ ಈ ಕಟ್ಟು ಸಡಿಲಿತು. ಪಾಲ್ ರುಡಾಲ್ಫ್ 1896ರಲ್ಲೇ ರಚಿಸಿದ್ದ, ಮೈಗಳು ಹೆಚ್ಚಾದುದರಿಂದ ಮೂಲೆಗೆ ಬಿದ್ದಿದ್ದ ಪ್ಲಾನಾರ್ ರಚನೆಗೆ ಮರುಜೀವ ಬಂದಿತು. ಮುಂದೆ ದಶಕಗಟ್ಟಲೆ ಬಂದ ಐವತ್ತರ ಲೆನ್ಸುಗಳಲ್ಲಿ ಬಹುಪಾಲು ಅದರ ಸಂತತಿಯೇ.

ಬೆಳಕನ್ನು ಅರಿತು ದುಡಿದವರಲ್ಲಿ ನಮ್ಮವರೂ ಇದ್ದರೆಂಬುದು ಹೆಮ್ಮೆಯ ಮಾತು. 1923ನೆಯ ಇಸವಿಯಲ್ಲಿ ಮೈಸೂರಿನಲ್ಲಿ ಇಬ್ಬರು ಹುಟ್ಟಿದರು. ಇಬ್ಬರೂ ನಮ್ಮಂತೆಯೇ ಹೊಟ್ಟೆಪಾಡಿಗೆ ಮುಂಬಯಿಗೆ ಬಂದರು. ಒಬ್ಬರು ಟಿ. ಎಸ್. ಸತ್ಯನ್. ಡೆಕ್ಕನ್ ಹೆರಾಲ್ಡ್‌ನಿಂದ ಹೊರಟು ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದು, ಆಮೇಲೆ ಯುನಿಸೆಫ್ ಮೊದಲಾದ ಸಂಸ್ಥೆಗಳಿಗಾಗಿ ದೇಶವೆಲ್ಲ ಸುತ್ತಿದ ಅವರು ಹೆಚ್ಚಾಗಿ ತೆಗೆದದ್ದು ಮಕ್ಕಳನ್ನು, ಹೆಸರಿಲ್ಲದ ಸಾಮಾನ್ಯರನ್ನು. ಇನ್ನೊಬ್ಬರು ವಿ. ಕೆ. ಮೂರ್ತಿ, ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಸಿನೆಮಾ ಛಾಯಾಗ್ರಹಣ ಕಲಿತು ಬಂದು ಗುರುದತ್ತರ ಕಣ್ಣಾದವರು. 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಗೆ ಇಳಿದುಬರುವ ಆ ಬೆಳಕಿನ ಕಂಬವನ್ನು ಅವರು ದೊಡ್ಡ ದೀಪಗಳಿಂದಲ್ಲ, ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ತಿರುಗಿಸಿ ತಂದರು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು; ಛಾಯಾಗ್ರಾಹಕರಲ್ಲಿ ಅವರೇ ಮೊದಲಿಗರು. ಇವರಿಬ್ಬರ ಕೆಲಸವನ್ನು ನಮ್ಮ ಹುಡುಗರು ನೋಡಬೇಕು. ಲೆನ್ಸಿನ ಅಂಕೆಯನ್ನು ಆಮೇಲೆ ನೋಡಿದರೂ ಆದೀತು.

ಇನ್ನು ಕ್ಯಾಮೆರಾದೊಳಗಿನ ಕನ್ನಡಿಯ ಕಥೆ. ಲೈಕಾದಲ್ಲಿ ಕನ್ನಡಿ ಇರಲಿಲ್ಲ. ಲೆನ್ಸಿನ ಮೂಲಕ ನೋಡುವ ಅನುಕೂಲವೂ ಇರಲಿಲ್ಲ, ಪಕ್ಕದ ಕಿಂಡಿಯಲ್ಲಿ ನೋಡಬೇಕು. ಲೆನ್ಸು ಕಂಡದ್ದನ್ನೇ ನಾವೂ ಕಾಣಬೇಕೆಂದು ಒಳಗೆ ಓರೆಯಾಗಿ ಕನ್ನಡಿಯಿಟ್ಟ ಎಸ್‌ಎಲ್‌ಆರ್ ಕ್ಯಾಮೆರಾಗಳು ಬಂದವು. 1959ರ ನಿಕಾನ್ ಎಫ್ ಆದಮೇಲೆ ಅವುಗಳದೇ ರಾಜ್ಯ. ಆದರೆ ಮೇಲೆ ಕೆಳಗೆ ಆಡುವ ಕನ್ನಡಿಗೆ ಜಾಗ ಬೇಡವೇ? ಲೆನ್ಸು ಹಿಂದೆ ಸರಿಯಬೇಕಾಯಿತು. ನಿಕಾನ್ ಎಫ್‌ನಲ್ಲಿ ಲೆನ್ಸು ಕೂರುವ ಬಳೆಯಿಂದ ಫಿಲ್ಮಿಗೆ 46.5 ಮಿ.ಮೀ. ದೂರ. ಈ ಇಕ್ಕಟ್ಟಿನಿಂದಾಗಿಯೇ ಆ ಕಾಲದ ಎಷ್ಟೋ ವೇಗದ ಲೆನ್ಸುಗಳು ಐವತ್ತಕ್ಕೆ ನಿಲ್ಲದೆ 55, 58 ಮಿ.ಮೀ.ಗೆ ಹೋದವು. ಅರ್ಧ ಶತಮಾನಕ್ಕೂ ಮೀರಿ ಲೆನ್ಸು ರಚಿಸುವವರು ಆ ಕನ್ನಡಿಗೆ ಸುಂಕ ಕಟ್ಟುತ್ತ ಬಂದರೆನ್ನಬಹುದು.

2008ರಲ್ಲಿ ಪ್ಯಾನಾಸೋನಿಕ್ ಜಿ1, 2013ರಲ್ಲಿ ದೊಡ್ಡ ಚೌಕಟ್ಟಿನ ಸೋನಿ ಎ7, 2018ರಲ್ಲಿ ನಿಕಾನ್ ಜೆಡ್ ಮತ್ತು ಕ್ಯಾನನ್ ಆರ್ ಬಂದು ಕನ್ನಡಿ ತೊಲಗಿತು. ಆ ದೂರ ಸೋನಿಯಲ್ಲಿ 18, ನಿಕಾನ್ ಜೆಡ್‌ನಲ್ಲಿ 16, ಕ್ಯಾನನ್ ಆರ್‌ನಲ್ಲಿ 20 ಮಿ.ಮೀ.ಗೆ ಇಳಿಯಿತು. ಲೆನ್ಸಿನ ಹಿಂಗಾಜು ಸೆನ್ಸರಿನ ಸಮೀಪಕ್ಕೆ ಬರಬಹುದಾದುದರಿಂದ, ಕಂಡಿಯನ್ನು ಪೂರ್ತಿ ತೆರೆದಾಗಲೂ ಚಿತ್ರದ ಅಂಚುಗಳು ಹರಿತವಾಗುವಂತೆ ರಚಿಸುವುದು ಸುಲಭವಾಯಿತು.

ಹಾಗಾದರೆ ಎಫ್ 1.2 ತರೋಣವೇ? ಇಲ್ಲಿ ಚರಿತ್ರೆಯ ಸಾಕ್ಷಿ ಬೇಕು. ಹಿಂದಿನವರು ಎಫ್ 1.4, 1.2 ಎಂದು ಹೆಣಗಿದ್ದು ಫಿಲ್ಮು ಮಂದವಾಗಿತ್ತೆಂದು. 1954ರಲ್ಲಿ ಸಣ್ಣ ಕ್ಯಾಮೆರಾಗಳಿಗೆ ಕೋಡಕ್‌ನ ಟ್ರೈ-ಎಕ್ಸ್ ಬಂದಾಗ ಅದೇ ಚುರುಕಿನ ಫಿಲ್ಮೆನಿಸಿತ್ತು, ಅದರ ಅಂಕೆ ಕೆಲವು ನೂರುಗಳೊಳಗೇ. 1975ರ 'ಬ್ಯಾರಿ ಲಿಂಡನ್' ಸಿನೆಮಾದಲ್ಲಿ ಮೇಣದ ಬತ್ತಿಯ ಬೆಳಕಿಗೆ ಸ್ಟ್ಯಾನ್ಲಿ ಕುಬ್ರಿಕ್ ಎಫ್ 0.7ರ ಜೈಸ್ ಲೆನ್ಸನ್ನು ಹೂಡಬೇಕಾಯಿತು. ಇಂದಿನ ಸೆನ್ಸರು 3200ರಲ್ಲಿಯೂ ಒಳ್ಳೆಯ ಚಿತ್ರ ಕೊಡುತ್ತದೆ. ಕ್ಯಾಮೆರಾದೊಡನೆ ಬರುವ ಸಾದಾ ಜೂಮು ಐವತ್ತರ ಹತ್ತಿರ ಸಾಮಾನ್ಯವಾಗಿ ಎಫ್ 5.6ಕ್ಕೆ ಮುಚ್ಚಿಕೊಳ್ಳುತ್ತದೆ, ಅದರೆದುರು ಎಫ್ 1.8 ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕು ಕೊಡುವುದು. ಈ ನೆಗೆತ ದೊಡ್ಡದು, ಇದಕ್ಕೆ ಹಣ ಕೊಡಬಹುದು. 1.8ರಿಂದ 1.2ಕ್ಕೆ ಹೋದರೆ ಸಿಗುವುದು ಎರಡೂಕಾಲು ಪಟ್ಟು ಮಾತ್ರ. ಅದರ ಸುಂಕವೋ! ಕ್ಯಾನನ್ ಆರ್‌ಎಫ್ 50 ಎಫ್ 1.8 ಲೆನ್ಸು 160 ಗ್ರಾಮು. ಅದೇ ಮನೆತನದ ಎಫ್ 1.2 ಲೆನ್ಸು 950 ಗ್ರಾಮು. ನಿಕಾನಿನ ಎಫ್ 1.2 ಒಂದು ಕಿಲೋವನ್ನೂ ದಾಟಿ 1090 ಗ್ರಾಮು ತೂಗುತ್ತದೆ. ಬೆಲೆಯೂ ಎಷ್ಟೋ ಪಟ್ಟು. ಅಷ್ಟು ದಪ್ಪದ್ದನ್ನು ಅಜ್ಜಿಯ ಮುಖದ ಮುಂದೆ ಹಿಡಿದರೆ ಆಕೆ ಸೆರಗು ಸರಿಪಡಿಸಿಕೊಂಡು ಬಿಗಿಯಾಗಿ ಕುಳಿತುಬಿಡುತ್ತಾಳೆ. ನಮಗೆ ಬೇಕಾದ ಚಿತ್ರ ಅಲ್ಲಿಗೆ ಮುಗಿಯಿತು.

ಇನ್ನೊಂದು ತೊಡಕು ಕಂಡಿ ಹಿಗ್ಗಿದಂತೆ ಬರುವುದು. ಒಂದು ಮೀಟರು ದೂರದಿಂದ 50 ಮಿ.ಮೀ. ಲೆನ್ಸನ್ನು ಎಫ್ 1.4ಕ್ಕೆ ತೆರೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 3 ಸೆಂ.ಮೀ. ಮಾತ್ರ. ಆರತಿಯ ತಟ್ಟೆ ಹರಿತವಾಗಿ ಬಂದರೆ ಎತ್ತುವವಳ ಮುಖ ಮಂಜು. ಮುಖ ಬಂದರೆ ತಟ್ಟೆ ಇಲ್ಲ. ಈಗಿನ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ, ಒಪ್ಪಿದೆವು. ಆದರೂ ಇಬ್ಬರು ಹಿಂದುಮುಂದಾಗಿ ಕುಳಿತಲ್ಲಿ ಕಂಡಿಯನ್ನು 2.8ಕ್ಕೋ 4ಕ್ಕೋ ಇಳಿಸಲೇಬೇಕು. ಹಿನ್ನೆಲೆಯನ್ನು ಕರಗಿಸುವ ಚಟ ಹುಡುಗರಿಗೆ ಬಹಳ. ನಮಗೆ ಉಳಿಯಬೇಕಾದುದೇ ಆ ಹಿನ್ನೆಲೆಯಲ್ಲವೆ? ಆ ಗೋಡೆ, ಆ ಕ್ಯಾಲೆಂಡರು, ಆ ತಾಮ್ರದ ಹಂಡೆ.

ಐವತ್ತೇ ಬೇಕೇ ಎಂಬ ಪ್ರಶ್ನೆಗೂ ಕೋಣೆಯೇ ಉತ್ತರ ಹೇಳುತ್ತದೆ. ಮೂರು ಮೀಟರು ಹಿಂದೆ ನಿಂತರೆ, ದೊಡ್ಡ ಚೌಕಟ್ಟಿನ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸು ಕಾಣುವ ಅಗಲ 2.16 ಮೀಟರು, 35 ಮಿ.ಮೀ.ಗೆ ಅದು ಮೂರು ಮೀಟರನ್ನು ದಾಟುತ್ತದೆ. ಹಳೆಯ ಕಟ್ಟಡದ ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿದ ಮೇಲೆ ಹಿಂದೆ ಸರಿಯಲು ಎಲ್ಲಿ ಜಾಗ? ಆದುದರಿಂದ ಒಬ್ಬೊಬ್ಬರ ಮುಖಕ್ಕೆ, ಸಂಘದ ಸಭಾಂಗಣದ ಯಕ್ಷಗಾನಕ್ಕೆ 50 ಮಿ.ಮೀ. ಒಳ್ಳೆಯದು, ಮನೆಗೆ 35 ಅಥವಾ 40 ಮಿ.ಮೀ. ಮೇಲು. ನಿಕಾನ್ ಜೆಡ್‌ಗೆ ಎಫ್ 2ರ 40 ಮಿ.ಮೀ. ಲೆನ್ಸು ಇದೆ, 170 ಗ್ರಾಮು. ಕರ್ಣದ ಲೆಕ್ಕಕ್ಕೆ ಐವತ್ತಕ್ಕಿಂತ ಅದೇ ಹತ್ತಿರ. ಚಿಕ್ಕ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಉಳ್ಳವರು ಇವನ್ನೆಲ್ಲ ಒಂದೂವರೆಯಿಂದ ಭಾಗಿಸಿಕೊಳ್ಳತಕ್ಕದ್ದು: ಅವರಿಗೆ 35 ಮಿ.ಮೀ.ಯೇ ಐವತ್ತು, 23ರ ಸುಮಾರಿನದು ಮೂವತ್ತೈದು. ಕೊಳ್ಳುವ ಮೊದಲು ಜೂಮನ್ನು ಒಂದು ವಾರ ಒಂದೇ ಸಂಗಮದೂರದಲ್ಲಿ ನಿಲ್ಲಿಸಿ ಮನೆಯೊಳಗೆ ತಿರುಗಾಡಿದರೆ ಯಾವುದು ಹಿಡಿಸುತ್ತದೆಂದು ಖರ್ಚಿಲ್ಲದೆ ತಿಳಿಯುವುದು.

ಕ್ಯಾಮೆರಾದೊಳಗೇ ಕೈನಡುಕ ತಡೆಯುವ ಏರ್ಪಾಡು ಇರುವಾಗ ವೇಗದ ಲೆನ್ಸು ಏಕೆಂದು ಕೇಳುವವರುಂಟು. ಅದು ನಮ್ಮ ಕೈಯ ನಡುಕವನ್ನು ತಡೆದೀತು, ಮೊಮ್ಮಗನ ಕುಣಿತವನ್ನು ತಡೆಯಲಾರದು. ಟ್ಯೂಬುಲೈಟಿನ ಕೆಳಗೆ ಸದ್ದಿಲ್ಲದ ಶಟರು ಹಾಕಿದರೆ ಚಿತ್ರದ ಮೇಲೆ ಪಟ್ಟೆ ಮೂಡುವುದುಂಟು; ಸಾದಾ ಶಟರಿನಲ್ಲಿ ಸೆಕೆಂಡಿನ ಐವತ್ತನೆಯ ಅಥವಾ ನೂರನೆಯ ಭಾಗ ಇಟ್ಟುಕೊಂಡರೆ ಆ ಕಾಟವಿಲ್ಲ.

ಹೊಸದನ್ನು ಕೊಳ್ಳಲು ಕೈಸಾಗದವರು ಮನೆಯ ಟ್ರಂಕನ್ನು ಒಮ್ಮೆ ತೆಗೆದು ನೋಡಲಿ. ಗಲ್ಫಿನಿಂದ ಮಾವನವರು ತಂದ ಪೆಂಟಾಕ್ಸೋ ನಿಕಾನೋ ಅಲ್ಲಿರಬಹುದು. ಕನ್ನಡಿಯ ಕಾಲದ ಆ ಲೆನ್ಸುಗಳಿಗೆ ಬೇಕಾಗಿದ್ದ ಹೆಚ್ಚಿನ ದೂರವನ್ನು ಒಂದು ಅಡಾಪ್ಟರ್ ಬಳೆ ತುಂಬಿಕೊಡುವುದರಿಂದ ಅವು ಇಂದಿನ ಕ್ಯಾಮೆರಾದ ಮೇಲೆ ಕೂರುತ್ತವೆ. ಫೋಕಸ್ ಮಾತ್ರ ಕೈಯಿಂದಲೇ ತಿರುಗಿಸಬೇಕು. ಮೊದಲು ಟಾರ್ಚು ಬಿಟ್ಟು ಒಳಗೆ ನೋಡಿ. ಇಲ್ಲಿಯ ಮಳೆಗಾಲ ಗಾಜಿಗೂ ಬೂಷ್ಟು ಹಿಡಿಸುತ್ತದೆ. ಜೇಡನ ಬಲೆಯಂತೆ ಎಳೆಗಳು ಕಂಡರೆ ರಿಪೇರಿಯವನಲ್ಲಿಗೆ ಒಯ್ಯಬೇಕು. ಎಫ್ 1.4ರ ಹಳೆಯ ಟಕುಮಾರ್ ಲೆನ್ಸು ಹಳದಿಯಾಗಿದ್ದರೆ ಗಾಬರಿ ಬೇಡ. ಅದರ ಗಾಜಿನಲ್ಲಿ ಥೋರಿಯಮ್ ಇದೆ, ಕಾಲ ಕಳೆದಂತೆ ಬಣ್ಣಗಟ್ಟುತ್ತದೆ. ಗಚ್ಚಿಯ ಬಿಸಿಲಿನಲ್ಲಿ, ಹಪ್ಪಳ ಒಣಗಿಸುವ ಹಾಗೆ, ಕೆಲವು ದಿನ ಇಟ್ಟರೆ ತಿಳಿಯಾಗುವುದು. ಬಟ್ಟೆ, ಕಾಗದಗಳ ಹತ್ತಿರ ಇಡಬೇಡಿ, ಲೆನ್ಸು ಬಿಸಿಲನ್ನು ಕೂಡಿಸಿ ಬೆಂಕಿ ಹತ್ತಿಸೀತು.