ಅಯೋವಾದಲ್ಲಿ ಮೂರು ಕಾಲದ ಬೇಸಾಯ



ಹಳೆಯ ನೇಗಿಲು, ಕೂರಿಗೆಗಳನ್ನು ವಸ್ತುಸಂಗ್ರಹಾಲಯದ ಗೋಡೆಗೆ ಒರಗಿಸಿ, ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಚೀಟಿ ಓದಿದರೆ ಹೆಸರು ತಿಳಿಯುತ್ತದೆ. ಆದರೆ ಕೂರಿಗೆಯ ಬಟ್ಟಲಿಗೆ ಕಾಳನ್ನು ಬೆರಳ ಸಂದಿಯಿಂದ ಹೇಗೆ ಬಿಡಬೇಕು, ಮಣ್ಣು ಎಷ್ಟು ಹದವಾದರೆ ಕೂರಿಗೆ ಹೂಡಬಹುದು, ಇದು ಚೀಟಿಯಲ್ಲಿ ಬರುವುದಿಲ್ಲ. ಅದು ಕೈಯಲ್ಲಿ ಇರತಕ್ಕ ವಿದ್ಯೆ. ಇದನ್ನು ಮನಗಂಡು ಅಮೆರಿಕದ ಅಯೋವಾ ರಾಜ್ಯದವರು ಒಂದು ಉಪಾಯ ಮಾಡಿದ್ದಾರೆ. ಹಳೆಯ ಬೇಸಾಯವನ್ನು ಹೊಲದ ಸಮೇತ, ದನಕರುಗಳ ಸಮೇತ, ಅಡಿಗೆಮನೆಯ ಸಮೇತ ಮಾಡುತ್ತಲೇ ಉಳಿಸಿಕೊಂಡಿದ್ದಾರೆ. ಅಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ ಅಂತ ಈಗ ಹೇಳ್ತೇನೆ, ಕೇಳಿ.

ಅಯೋವಾ ಅಂದರೆ ಮೆಕ್ಕೆಜೋಳದ ಸೀಮೆ. ರಾಜಧಾನಿ ಡೆ ಮೊಯ್ನ್ ಪಟ್ಟಣಕ್ಕೆ ಹೊಂದಿಕೊಂಡ ಅರ್ಬನ್‌ಡೇಲ್ ಎಂಬಲ್ಲಿ ಸುಮಾರು 500 ಎಕರೆಯಲ್ಲಿ ಈ ಹಳ್ಳಿ ಹರಡಿದೆ. ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ ಅಂತ ಹೆಸರು. ನಮ್ಮ ಮಾತಿನಲ್ಲಿ, ಜೀವಂತ ಇತಿಹಾಸದ ಹೊಲಗಳು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಮರ್ರೆ ಎಂಬವರು ಮುಂದೆ ನಿಂತು 1970ರಲ್ಲಿ ಇದನ್ನು ಸ್ಥಾಪಿಸಿದರು. ಹಳೆಯ ಮನೆಗಳನ್ನು ಬಿಚ್ಚಿ ತಂದು ಬಯಲಲ್ಲಿ ಮತ್ತೆ ಕಟ್ಟಿ ತೋರಿಸುವ ಪದ್ಧತಿ ಸ್ವೀಡನ್ನಿನ ಸ್ಕಾನ್ಸೆನ್‌ನಲ್ಲಿ 1891ರಿಂದಲೇ ಇತ್ತು. ಮರ್ರೆಯವರಿಗೆ ಮಾತ್ರ ಮನೆಗಿಂತ ಹೊಲ ಮುಖ್ಯವಾಗಿತ್ತು.

ನೋಡಲು ಬಂದವರು ಬೆಳಿಗ್ಗೆ ಮೊದಲು ಕಾಣುವುದು 1700ರ ಸುಮಾರಿನ ಬೇಸಾಯ. ಆಗ ಈ ನೆಲ ಅಯೋವೇ ಎಂಬ ಮೂಲನಿವಾಸಿಗಳದ್ದು. ಮರದ ತೊಗಟೆ ಹೊದಿಸಿದ ಮನೆಗಳು. ಎತ್ತಿಲ್ಲ, ಕುದುರೆ ಹೂಡುವುದಿಲ್ಲ, ಕಬ್ಬಿಣದ ಕುಳವೂ ಇಲ್ಲ. ಕಾಡೆಮ್ಮೆಯ ಹೆಗಲ ಮೂಳೆಯನ್ನು ಕೋಲಿಗೆ ಕಟ್ಟಿದರೆ ಅದೇ ಗುದ್ದಲಿ. ಬೇಸಾಯ ಮಾಡುತ್ತಿದ್ದವರು ಹೆಂಗಸರು. ಬೀಜ ಆರಿಸುವುದು, ಬಿತ್ತುವುದು, ಒಣಗಿಸಿ ಕಾಪಿಡುವುದು ಎಲ್ಲ ಅವರದೇ. ಸಣ್ಣ ಮಣ್ಣುಗುಡ್ಡೆ ಮಾಡಿ ಅದರಲ್ಲಿ ಮೆಕ್ಕೆಜೋಳ ಹಾಕುತ್ತಿದ್ದರು. ಅದರ ದಂಟಿಗೆ ಹುರುಳಿಕಾಯಿಯ ಬಳ್ಳಿ ಹಬ್ಬುತ್ತಿತ್ತು. ಕೆಳಗೆ ಕುಂಬಳದ ಎಲೆ ನೆಲ ಮುಚ್ಚಿ ತೇವ ಕಾಯುತ್ತಿತ್ತು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ನಮಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ಒಣಗಿಸಿದ ಕಾಳನ್ನು ನೆಲದೊಳಗೆ ಗುಂಡಿ ತೋಡಿ ತುಂಬುತ್ತಿದ್ದರು. ನಮ್ಮ ಹಗೇವು ಇದ್ದ ಹಾಗೆಯೇ!

ರಾಜ್ಯಕ್ಕೆ ಹೆಸರು ಬಂದದ್ದು ಈ ಜನರಿಂದ. ಆದರೆ 1824, 1836, 1838ರ ಒಪ್ಪಂದಗಳಲ್ಲಿ ಅವರು ನೆಲವನ್ನೆಲ್ಲ ಬಿಟ್ಟುಕೊಡಬೇಕಾಯಿತು. ಅವರ ವಂಶದವರ ನೆಲೆ ಇಂದು ಕಾನ್ಸಾಸ್–ನೆಬ್ರಾಸ್ಕಾ ಗಡಿಯಲ್ಲಿ ಮತ್ತು ಒಕ್ಲಹೋಮದಲ್ಲಿ. ಮುಂದಿನ ಹೊಲಕ್ಕೆ ಕಾಲಿಡುವ ಮುನ್ನ ಇದು ನೆನಪಿರಬೇಕು.

ಮುಂದಿನದು 1850ರ ಹೊಲ. ವಲಸೆ ಬಂದ ಬಿಳಿಯರ ಮರದ ದಿಮ್ಮಿಯ ಮನೆ, ಸೀಳಿದ ಮರದ ಬೇಲಿ, ಒಲೆಯ ಬೆಂಕಿಯಲ್ಲೇ ಅಡಿಗೆ. ಇಲ್ಲಿ ಎತ್ತುಗಳು ಬಂದವು. ಅಲ್ಲಿಯ ದನಕ್ಕೆ ಹಿಣಿಲು ಇಲ್ಲ, ನೊಗ ಆತುಕೊಳ್ಳುವುದು ಎಲ್ಲಿಗೆ? ಅದಕ್ಕೇ ಮರದ ಕಡ್ಡಿಯನ್ನು ಬಳೆಯ ಹಾಗೆ ಬಗ್ಗಿಸಿ ಕೊರಳ ಕೆಳಗಿನಿಂದ ನೊಗಕ್ಕೆ ಸೇರಿಸುತ್ತಾರೆ. ಮೂಗುದಾರವೂ ಇಲ್ಲ. ಆಳು ಎತ್ತಿನ ಎಡಗಡೆ ನಡೆಯುತ್ತಾ ‘ಜೀ’ ಅಂದರೆ ಬಲಕ್ಕೆ, ‘ಹಾ’ ಅಂದರೆ ಎಡಕ್ಕೆ ತಿರುಗಬೇಕು. ಕರುವಾಗಿದ್ದಾಗಲೇ ಚಿಕ್ಕ ನೊಗ ಹಾಕಿ ಈ ಮಾತು ಕಲಿಸದಿದ್ದರೆ ಆಮೇಲೆ ಬಲು ಕಷ್ಟ.

ಆ ಸೀಮೆ ಹಿಂದೆ ಆಳೆತ್ತರದ ಹುಲ್ಲುಗಾವಲು. ಬೇರು ಹೆಣೆದುಕೊಂಡ ಆ ನೆಲವನ್ನು ಮೊದಲ ಸಲ ಒಡೆಯಲು ದೊಡ್ಡ ನೇಗಿಲಿಗೆ ನಾಲ್ಕಾರು ಜೋಡಿ ಎತ್ತು ಕಟ್ಟುತ್ತಿದ್ದರು. ಎರೆಸೀಮೆಯಲ್ಲಿ ಕರಿಕೆ ಬಿದ್ದ ಹೊಲವನ್ನು ದೊಡ್ಡ ನೇಗಿಲಿನಿಂದ ಕಿತ್ತ ಹಿರಿಯರಿಗೆ ಇದರ ಶ್ರಮ ಗೊತ್ತು. ಕಪ್ಪು ಮಣ್ಣು ನೇಗಿಲಿಗೆ ಮೆತ್ತಿಕೊಂಡು, ನಿಂತು ನಿಂತು ಕೆರೆಯಬೇಕಾಗುತ್ತಿತ್ತು. 1837ರಲ್ಲಿ ಪಕ್ಕದ ಇಲಿನಾಯ್ ರಾಜ್ಯದಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ನಯವಾದ ಉಕ್ಕಿನ ನೇಗಿಲು ಮಾಡಿದ. ಮಣ್ಣು ಅಂಟದೆ ಜಾರಿತು. ಅಯೋವಾದ ಆ ಹುಲ್ಲುಗಾವಲು ಈಗ ನೂರರಲ್ಲಿ ಒಂದು ಪಾಲೂ ಉಳಿದಿಲ್ಲ.

ಮಧ್ಯಾಹ್ನದ ಹೊತ್ತಿಗೆ 1900ರ ಹೊಲ. ಇಲ್ಲಿ ಎತ್ತು ಹೋಗಿ ಪರ್ಚೆರಾನ್ ಜಾತಿಯ ಭಾರಿ ಕುದುರೆ ಬಂದಿದೆ. ಹುಲ್ಲು ಕೊಯ್ಯುವ ಯಂತ್ರ, ಜೋಳ ಊರುವ ಯಂತ್ರ, ಓಟ್ಸ್ ಕೊಯ್ದು ತಾನೇ ಹೊರೆ ಕಟ್ಟುವ ಯಂತ್ರ ಎಲ್ಲ ಕುದುರೆಯ ಬಲದಿಂದಲೇ. ಬೆಳೆದ ಓಟ್ಸು ಹುಲ್ಲಿನಲ್ಲಿ ದೊಡ್ಡ ಪಾಲು ಮತ್ತೆ ಕುದುರೆಯ ಹೊಟ್ಟೆಗೇ. ಅಡಿಗೆಮನೆಯಲ್ಲಿ ಸೌದೆ ಉರಿಸುವ ಕಬ್ಬಿಣದ ಒಲೆ. ಹಿತ್ತಲ ತರಕಾರಿ ತಂದು, ಬೇಸಗೆಯ ಧಗೆಯಲ್ಲಿ ಆ ಒಲೆಯ ಮುಂದೆ ನಿಂತು ಬೇಯಿಸಬೇಕು. ಚಳಿಗಾಲಕ್ಕೆಂದು ಗಾಜಿನ ಜಾಡಿಗಳಲ್ಲಿ ತುಂಬಿಡಬೇಕು. ಗಂಡಸರ ಕೆಲಸಕ್ಕೆ ಯಂತ್ರ ಬಂದಷ್ಟು ಬೇಗ ಹೆಂಗಸರ ಕೆಲಸಕ್ಕೆ ಬರಲಿಲ್ಲ. ಅಲ್ಲಿಯೂ ಇದೇ ಕಥೆ ನೋಡಿ.

ತೆನೆ ಮುರಿಯುವುದಂತೂ ಕೈಯಿಂದಲೇ. ಅಂಗೈಗೆ ಒಂದು ಕೊಕ್ಕೆ ಕಟ್ಟಿಕೊಂಡು ಸಿಪ್ಪೆ ಸೀಳಿ, ತೆನೆ ಮುರಿದು, ಗಾಡಿಯತ್ತ ಎಸೆಯುತ್ತಾ ಹೋಗಬೇಕು. ಗಾಡಿಯ ಆಚೆ ಮಗ್ಗುಲಲ್ಲಿ ಎತ್ತರದ ಹಲಗೆ. ತೆನೆ ಅದಕ್ಕೆ ಬಡಿದು ಒಳಗೆ ಬೀಳುತ್ತದೆ. ಕುದುರೆ ಮಾತು ಕೇಳಿಯೇ ಮುಂದೆ ಸಾಗುತ್ತದೆ. ಗಟ್ಟಿಗನಾದ ಆಳು ದಿನಕ್ಕೆ 80ರಿಂದ 100 ಬುಷೆಲ್ ಮುರಿಯುತ್ತಿದ್ದ. ನಮ್ಮ ಲೆಕ್ಕದಲ್ಲಿ ಸುಮಾರು 25ರಿಂದ 32 ಕ್ವಿಂಟಾಲ್ ತೆನೆ! ಬಂದವರು ಅರ್ಧ ಗಂಟೆ ಗುದ್ದಲಿ ಹಿಡಿದರೆ ಅದು ಆಟ. ವರ್ಷವಿಡೀ ಹಿಡಿದವನಿಗೆ ಆಟವಲ್ಲ. ಸಾಲ, ರೋಗರುಜಿನಗಳನ್ನು ಇಂಥ ಹಳ್ಳಿಯಲ್ಲಿ ಹೂಡಿ ತೋರಿಸುವುದೂ ಆಗದ ಮಾತು.

ಸಂಜೆಯೊಳಗೆ 1870ರ ದಶಕದ ಮಾದರಿ ಪೇಟೆ, ಅಲ್ಲಿನ ಕಮ್ಮಾರಸಾಲೆ, ಶಾಲೆ, ಅಚ್ಚುಕೂಟ ನೋಡಿ ಜನ ಹಿಂದಿರುಗುತ್ತಾರೆ.

1900ರ ಆಚೆಗೆ ಏನಾಯಿತು? ಅಯೋವಾದವರೇ ಆದ ಹೆನ್ರಿ ವಾಲೇಸ್ 1926ರಲ್ಲಿ ಮಿಶ್ರತಳಿ ಮೆಕ್ಕೆಜೋಳದ ಬೀಜದ ಕಂಪನಿ ಆರಂಭಿಸಿದರು. 1940ರ ದಶಕದ ಆರಂಭಕ್ಕೆ ರಾಜ್ಯದ ಬಹುತೇಕ ಹೊಲಗಳಲ್ಲಿ ಅಂಥ ಬೀಜವೇ. ಭಾರತದಲ್ಲಿ 1961ರಲ್ಲಿ ಬಿಡುಗಡೆಯಾದ ‘ಡೆಕ್ಕನ್’ ಮೊದಲಾದ ತಳಿಗಳೂ ಇದೇ ವಿಧಾನದವು. ಇಳುವರಿ ಏರಿತು, ಟ್ರ್ಯಾಕ್ಟರ್ ಬಂತು, ಕುದುರೆ ಹೋಯಿತು. ಅದರೊಂದಿಗೆ ಒಕ್ಕಲೂ ಕರಗಿತು: 1900ರಲ್ಲಿ ಅಯೋವಾದಲ್ಲಿ ಸುಮಾರು 2,28,000 ಹಿಡುವಳಿಗಳಿದ್ದವು, 2022ರ ಗಣತಿಯಲ್ಲಿ ಸುಮಾರು 87,000. 1979ರ ಅಕ್ಟೋಬರ್ 4ರಂದು ಪೋಪ್ ಎರಡನೆಯ ಜಾನ್ ಪಾಲ್ ಈ ಹೊಲಗಳಿಗೇ ಬಂದು, ಭೂಮಿಯನ್ನು ಮುಂದಿನ ತಲೆಮಾರುಗಳಿಗಾಗಿ ಜೋಪಾನ ಮಾಡಿರೆಂದು ಪ್ರವಚನ ಮಾಡಿದಾಗ ಸುಮಾರು ಮೂರು ಲಕ್ಷ ಜನ ಕೂಡಿದ್ದರು. ಮರುದಶಕದಲ್ಲೇ ಸಾಲದ ಹೊರೆಯಿಂದ ಅಲ್ಲಿಯ ಎಷ್ಟೋ ಒಕ್ಕಲು ಮಕ್ಕಳು ಹೊಲ ಕಳೆದುಕೊಂಡರು.

ಈಗ ಅಲ್ಲಿ ಎತ್ತು ಹೂಡುವುದನ್ನು ಮಗನಿಗೆ ಕಲಿಸುವ ತಂದೆ ಸಿಗುವುದು ಅಪರೂಪ. ಹಳೆಯ ದಿನಚರಿ, ಕಾಗದಪತ್ರ ಓದಿ, ಬಲ್ಲವರನ್ನು ಹುಡುಕಿ ಕೇಳಿ, ಕೆಲಸದವರು ‘ಜೀ’, ‘ಹಾ’ ಅನ್ನುವುದನ್ನು ಮೊದಲು ತಾವು ಕಲಿಯಬೇಕು, ಆಮೇಲೆ ಕರುಗಳಿಗೆ ಕಲಿಸಬೇಕು.