ಉತ್ಕರ್ಷಣ ಒತ್ತಡ: ಔಷಧ ನಿರೋಧಕ ಕ್ಷಯದ ಚಿಕಿತ್ಸೆಯಲ್ಲಿ

ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮೊದಲಾದ ಉಗ್ರ ಆಮ್ಲಜನಕ ಸಂಯುಕ್ತಗಳು ಜೀವಕೋಶದ ತಡೆಯುವ ಶಕ್ತಿಯನ್ನು ಮೀರಿ ಹೆಚ್ಚಿದಾಗ ಉಂಟಾಗುವ ಸ್ಥಿತಿ. ಇದರಿಂದ ಡಿಎನ್‌ಎ, ಪ್ರೋಟೀನು, ಪೊರೆ ಮೂರೂ ಕೆಡುತ್ತವೆ. ಔಷಧಕ್ಕೆ ಬಗ್ಗದ ರೋಗಾಣುಗಳಲ್ಲಿ ಈ ಒತ್ತಡವನ್ನು ಬೇಕೆಂದೇ ಹೆಚ್ಚಿಸಿ ಅವನ್ನು ಕೊಲ್ಲುವ ಪ್ರಯತ್ನ ಹಲವು ಬ್ಯಾಕ್ಟೀರಿಯಗಳ ಮೇಲೆ ನಡೆದಿದೆ. ಇತಿಹಾಸ ಹಳೆಯದೂ ಪುರಾವೆ ಗಟ್ಟಿಯಾದದ್ದೂ ಆದ ಕ್ಷಯದ ಬ್ಯಾಕ್ಟೀರಿಯವನ್ನು ಮಾತ್ರ ಈ ಲೇಖನ ಪರಿಶೀಲಿಸುತ್ತದೆ.

ರಕ್ಷಣೆ

ಶ್ವಾಸಕೋಶದ ಮ್ಯಾಕ್ರೋಫೇಜ್ ಕೋಶಗಳು ತಾವು ನುಂಗಿದ ಬ್ಯಾಕ್ಟೀರಿಯದ ಮೇಲೆ ಸೂಪರ್‌ಆಕ್ಸೈಡ್ ಸುರಿಸುತ್ತವೆ. ಅಂದರೆ ಈ ಅಸ್ತ್ರ ದೇಹಕ್ಕೆ ಹೊಸದಲ್ಲ. ಬಹುತೇಕ ಜೀವಿಗಳು ಇಂಥ ದಾಳಿಗೆ ಗ್ಲುಟಾಥಯೋನ್ ಬಳಸಿದರೆ, ಕ್ಷಯದ ಬ್ಯಾಕ್ಟೀರಿಯ ಮೈಕೋಥಯಾಲ್ ಎಂಬ ಬೇರೊಂದು ಸಂಯುಕ್ತವನ್ನು ನೆಚ್ಚಿಕೊಂಡಿದೆ. ಮನುಷ್ಯರ ಕೋಶಗಳಲ್ಲಿ ಮೈಕೋಥಯಾಲ್ ಇಲ್ಲ. ಔಷಧ ಹುಡುಕುವವರಿಗೆ ಅದು ಆಕರ್ಷಕ ಗುರಿಯಾಗಿರುವುದು ಇದರಿಂದಲೇ. ಪೆರಾಕ್ಸೈಡ್ ಹೆಚ್ಚಿದಾಗ ಇತರ ಬ್ಯಾಕ್ಟೀರಿಯಗಳಲ್ಲಿ ಎಚ್ಚರಿಕೆ ಕೊಡುವ ಆಕ್ಸಿಆರ್ ಜೀನ್ ಕ್ಷಯದ ಬ್ಯಾಕ್ಟೀರಿಯದಲ್ಲಿ ಕೆಟ್ಟುಹೋಗಿದೆ. ಹಾಗಾಗಿ ಕ್ಯಾಟ್‌ಜಿ ಎಂಬ ಒಂದೇ ಕ್ಯಾಟಲೇಸ್-ಪೆರಾಕ್ಸಿಡೇಸ್ ಕಿಣ್ವದ ಮೇಲೆ ಹೊರೆ ಹೆಚ್ಚು.

ಐಸೋನಯಾಜಿಡ್ ಮತ್ತು ಕ್ಯಾಟ್‌ಜಿ

1952ರಲ್ಲಿ ಬಳಕೆಗೆ ಬಂದ ಐಸೋನಯಾಜಿಡ್ ಇಂದಿಗೂ ಕ್ಷಯ ಚಿಕಿತ್ಸೆಯ ಆಧಾರಗಳಲ್ಲೊಂದು. ಬಂದ ಸ್ವಲ್ಪ ಕಾಲದಲ್ಲೇ ನಿರೋಧಕ ತಳಿಗಳೂ ಕಾಣಿಸಿಕೊಂಡವು. ಅಮೆರಿಕದ ಜಾರ್ಜ್ ಮಿಡ್ಲ್‌ಬ್ರೂಕ್ 1953-54ರಲ್ಲಿ ಅವುಗಳಲ್ಲಿ ಎರಡು ಸಂಗತಿ ಗಮನಿಸಿದರು: ಹಲವು ನಿರೋಧಕ ತಳಿಗಳು ಕ್ಯಾಟಲೇಸ್ ಕಳೆದುಕೊಂಡಿದ್ದವು, ಅಂಥವು ಗಿನಿಪಿಗ್‌ಗಳಲ್ಲಿ ಸೌಮ್ಯ ರೋಗವನ್ನಷ್ಟೇ ಉಂಟುಮಾಡುತ್ತಿದ್ದವು. ಪರೀಕ್ಷೆ ಸರಳ. ಬೆಳೆದ ಬ್ಯಾಕ್ಟೀರಿಯದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ಔಷಧಕ್ಕೆ ಬಗ್ಗುವ ತಳಿ ಆಮ್ಲಜನಕ ಬಿಟ್ಟು ನೊರೆಯೇಳುತ್ತದೆ. ಕ್ಯಾಟಲೇಸ್ ಕಳೆದುಕೊಂಡದ್ದರಲ್ಲಿ ಗುಳ್ಳೆಯೇ ಏಳದು.

ಇದರ ಕಾರಣ ತಿಳಿಯಲು ಸುಮಾರು ನಾಲ್ಕು ದಶಕ ಹಿಡಿಯಿತು. ಯಿಂಗ್ ಝಾಂಗ್, ಸ್ಟೂವರ್ಟ್ ಕೋಲ್ ಮತ್ತು ಸಂಗಡಿಗರು 1992ರಲ್ಲಿ ಕ್ಯಾಟ್‌ಜಿ ಜೀನನ್ನು ಗುರುತಿಸಿದರು. ಐಸೋನಯಾಜಿಡ್ ತಾನೇ ವಿಷವಲ್ಲ. ಕ್ಯಾಟ್‌ಜಿ ಅದನ್ನು ಚುರುಕುಗೊಳಿಸಿದ ಮೇಲಷ್ಟೇ ಅದು ಬ್ಯಾಕ್ಟೀರಿಯದ ಮೇಣದಂಥ ಕವಚ ಕಟ್ಟುವ ಕೆಲಸವನ್ನು ನಿಲ್ಲಿಸುತ್ತದೆ. ಪೆರಾಕ್ಸೈಡ್‌ನಿಂದ ಕಾಯುವ ಕಿಣ್ವವೇ ಔಷಧವನ್ನು ಕೊಲೆಗಾರನನ್ನಾಗಿ ಮಾಡುತ್ತದೆ. ಅದನ್ನು ಕೈಬಿಟ್ಟ ತಳಿ ಔಷಧದಿಂದ ಪಾರಾಗಿ ಉತ್ಕರ್ಷಣಕ್ಕೆ ಮೈಯೊಡ್ಡುತ್ತದೆ. ಔಷಧ ನಿರೋಧಕತೆಗೆ ರೋಗಾಣು ತೆರುವ ಬೆಲೆ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ವಿರಳ.

ಆದರೆ ರೋಗಿಗಳಲ್ಲಿ ಈ ದೌರ್ಬಲ್ಯ ನಿರೀಕ್ಷಿಸಿದಷ್ಟು ದೊರೆಯುವುದಿಲ್ಲ. ರೋಗಿಗಳಿಂದ ಪಡೆದ ನಿರೋಧಕ ತಳಿಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಟ್‌ಜಿಯ 315ನೆಯ ಸ್ಥಾನದಲ್ಲಿ ಸೆರೀನ್ ಹೋಗಿ ಥ್ರಿಯೋನಿನ್ ಬಂದ ರೂಪ. ಅದು ಔಷಧವನ್ನು ಸರಿಯಾಗಿ ಚುರುಕುಗೊಳಿಸದಿದ್ದರೂ ಪೆರಾಕ್ಸೈಡ್ ಒಡೆಯುವ ಕೆಲಸವನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಕ್ಯಾಟ್‌ಜಿ ಪೂರ್ತಿ ಹೋದ ಕೆಲವು ತಳಿಗಳು ಎಎಚ್‌ಪಿಸಿ ಎಂಬ ಇನ್ನೊಂದು ಕಿಣ್ವವನ್ನು ಹೆಚ್ಚು ತಯಾರಿಸಿ ಕೊರತೆ ತುಂಬಿಕೊಳ್ಳುವುದು 1996ರಲ್ಲಿ ತಿಳಿಯಿತು. ಪೆರಾಕ್ಸೈಡ್ ಹೆಚ್ಚಿಸುವ ಯಾವುದೇ ಔಷಧ ಈ ಎರಡೂ ದಾರಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ವಿವಾದ

ಬ್ಯಾಕ್ಟೀರಿಯ ಕೊಲ್ಲುವ ಆಂಟಿಬಯಾಟಿಕ್‌ಗಳ ಗುರಿ ಬೇರೆ ಬೇರೆಯಾದರೂ ಕೊನೆಗೆ ಅವೆಲ್ಲ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸಿಯೇ ಕೊಲ್ಲುತ್ತವೆ ಎಂದು ಜೇಮ್ಸ್ ಕಾಲಿನ್ಸ್ ತಂಡ 2007ರಲ್ಲಿ ವಾದಿಸಿತು. 2013ರಲ್ಲಿ ಎರಡು ತಂಡಗಳು ಇದನ್ನು ಪ್ರಶ್ನಿಸಿದವು. ಆಮ್ಲಜನಕವಿಲ್ಲದೆಡೆಯೂ ಈ ಔಷಧಗಳು ಕೊಲ್ಲುವುದನ್ನು ತೋರಿಸಿದವು. ಉತ್ಕರ್ಷಣವೇ ಸಾವಿನ ಏಕೈಕ ಕಾರಣವಲ್ಲ, ಔಷಧದ ಹೊಡೆತವನ್ನು ಅದು ಬಲಪಡಿಸಬಲ್ಲದು ಎಂಬ ನಿಲುವು ಈಗ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಔಷಧಗಳು

1950ರ ದಶಕದಲ್ಲಿ ಡಬ್ಲಿನ್ನಿನಲ್ಲಿ ಕ್ಷಯಕ್ಕೆಂದೇ ರೂಪುಗೊಂಡ ಕ್ಲೋಫಾಜಿಮಿನ್ ಕುಷ್ಠದ ಔಷಧವಾಗಿ ಹೆಸರಾಯಿತು, ಈಗ ಬಹು ಔಷಧ ನಿರೋಧಕ ಕ್ಷಯಕ್ಕೆ ಮರಳಿದೆ. ಬ್ಯಾಕ್ಟೀರಿಯದ ಉಸಿರಾಟದ ಸರಪಣಿಯಿಂದ ಎಲೆಕ್ಟ್ರಾನ್ ಕಿತ್ತು ಆಮ್ಲಜನಕಕ್ಕೆ ದಾಟಿಸುವುದು ಅದರ ಕ್ರಿಯೆಯ ಒಂದು ಭಾಗವಿರಬಹುದು. ಚರ್ಮ ಕೆಂಪುಮಿಶ್ರಿತ ಕಂದು ಬಣ್ಣಕ್ಕೆ ತಿರುಗುವುದು ರೋಗಿಗಳಿಗೆ ಹೆಚ್ಚು ಮುಜುಗರ ತರುವ ಅಡ್ಡಪರಿಣಾಮ.

ಕಬ್ಬಿಣದ ನೆರವಿನಿಂದ ವಿಟಮಿನ್ ಸಿ ಕ್ಷಯದ ಬ್ಯಾಕ್ಟೀರಿಯವನ್ನು, ನಿರೋಧಕ ತಳಿಗಳನ್ನೂ ಸೇರಿಸಿ, ಕೊಲ್ಲುವುದನ್ನು ನ್ಯೂಯಾರ್ಕಿನ ವಿಲಿಯಂ ಜೇಕಬ್ಸ್ ತಂಡ 2013ರಲ್ಲಿ ತೋರಿಸಿತು. ಇದು ಪ್ರಯೋಗಾಲಯದ ದ್ರವದಲ್ಲಿ ಬೆಳೆಸಿದ ಬ್ಯಾಕ್ಟೀರಿಯದ ಮಾತು. ಅಲ್ಲಿ ಬೇಕಾದ ಸಾಂದ್ರತೆ ಮಾತ್ರೆ ನುಂಗಿ ರಕ್ತದಲ್ಲಿ ಸಾಧಿಸಲಾಗದಷ್ಟು ಹೆಚ್ಚು. ವಿಟಮಿನ್ ಸಿ ಇರುವ ನೆಲ್ಲಿಕಾಯಿ ಕ್ಷಯ ಗುಣಪಡಿಸುತ್ತದೆ ಎನ್ನಲು ಇದು ಆಧಾರವಾಗದು.

ಬೆಂಗಳೂರಿನ ಕೆಲಸ

ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಮೈಕೋಥಯಾಲ್ ಸ್ಥಿತಿಗೆ ತಕ್ಕಂತೆ ಹೊಳಪು ಬದಲಿಸುವ ಪ್ರೋಟೀನನ್ನು ಬ್ಯಾಕ್ಟೀರಿಯದೊಳಗೇ ಕೂರಿಸಿದರು. ಅದರಿಂದ ತಿಳಿದದ್ದು ಮಹತ್ವದ್ದು: ಮ್ಯಾಕ್ರೋಫೇಜ್‌ಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳೆಲ್ಲ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ, ಉತ್ಕರ್ಷಣಕ್ಕೆ ಒಳಗಾಗದ ಗುಂಪು ಔಷಧವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಮಲೇರಿಯಾದ ಕ್ಲೋರೋಕ್ವಿನ್ ಈ ತಾಳಿಕೆಯ ಗುಂಪನ್ನು ಕುಗ್ಗಿಸಿ, ಪ್ರಾಣಿಗಳಲ್ಲಿ ಕ್ಷಯದ ಔಷಧಗಳ ಪರಿಣಾಮ ಹೆಚ್ಚಿಸುವುದನ್ನು ಇದೇ ತಂಡ 2019ರಲ್ಲಿ ವರದಿ ಮಾಡಿತು.

ಮಿತಿಗಳು

ಉತ್ಕರ್ಷಣ ಒತ್ತಡ ಹೆಚ್ಚಿಸಿದರೆ ರೋಗಿಯ ಅಂಗಾಂಶಕ್ಕೂ ಹಾನಿಯಾಗುವ ಭಯವಿದೆ. ಬ್ಯಾಕ್ಟೀರಿಯವನ್ನು ಕೊಲ್ಲದಷ್ಟು ಅಲ್ಪ ಪ್ರಮಾಣದ ಒತ್ತಡ ಅದರ ಡಿಎನ್‌ಎಯಲ್ಲಿ ಉತ್ಪರಿವರ್ತನೆ ಹೆಚ್ಚಿಸಿ ಹೊಸ ನಿರೋಧಕತೆಗೆ ದಾರಿಮಾಡಬಲ್ಲದು; ಇದನ್ನು ಕಾಲಿನ್ಸ್ ತಂಡವೇ 2010ರಲ್ಲಿ ಇ. ಕೋಲಿಯಲ್ಲಿ ತೋರಿಸಿತು.